ಅಲ್ಪಧನದ ಚಲಚ್ಚಿತ್ರವೂ ಪೂರ್ವಸಿದ್ಧತೆಯೂ

ಬಾಲಿಕೆಯರ ಪ್ರೌಢಶಾಲೆಯ ಸ್ಮರಣ ಸಂಚಿಕೆಯಲ್ಲಿ ಚಲಚ್ಚಿತ್ರ ತೆಗೆಯುವ ಬಗೆಯನ್ನು ಕುರಿತು ಮುಖ್ಯೋಪಾಧ್ಯಾಯಿನಿಯು ಬರೆಯುವುದು ಉಚಿತವೋ ಎಂದು ನಮ್ಮ ವಾಚಕರಲ್ಲಿ ಕೆಲವರಾದರೂ ಸಂದೇಹಪಡಬಹುದು. ಹೊಲಿಗೆ, ಸಂಗೀತ, ಆಟಪಾಟ, ಪರೀಕ್ಷೆಯ ಫಲ, ಇವೇ ಇಂಥ ಪುಟಗಳಿಗೆ ತಕ್ಕ ವಿಷಯಗಳೆಂದು ನಾವೂ ಬಹುಕಾಲ ಎಣಿಸಿದ್ದೆವು. ಆದರೆ ಕಳೆದ ವರ್ಷ ನಮ್ಮ ಹಳೆಯ ವಿದ್ಯಾರ್ಥಿನಿಯರೈವರು ಸೇರಿ ಈ ಶಾಲೆಯ ಆವರಣದಲ್ಲಿಯೇ ಒಂದು ಕಿರುಚಿತ್ರವನ್ನು ತೆಗೆದರು. ಅದಕ್ಕೆ ಅನುಮತಿ ಕೊಟ್ಟುದಕ್ಕಾಗಿ ಕೆಲವು ತಾಯ್ತಂದೆಗಳು ನಮ್ಮನ್ನು ಆಕ್ಷೇಪಿಸಿದರು. ಮೊದಲು ಅನುಮತಿ ನಿರಾಕರಿಸಿದುದಕ್ಕಾಗಿ ಕೆಲವು ಹಳೆಯ ವಿದ್ಯಾರ್ಥಿನಿಯರು ಆಕ್ಷೇಪಿಸಿದರು. ಉಭಯ ಪಕ್ಷದವರಿಗೂ ಉತ್ತರ ಹೇಳುವುದು ನಮ್ಮ ಕರ್ತವ್ಯವೆಂದು ತಿಳಿದು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ಮೊದಲು ನಿರಾಕರಿಸಿದ ಕಾರಣವನ್ನು ಹೇಳುತ್ತೇವೆ. ನಾವು ಈ ಹುದ್ದೆಗೆ ಬಂದ ಹೊಸದರಲ್ಲಿ ಹೊರಗಿನ ಒಂದು ಚಿತ್ರತಂಡದವರು ಬಂದು ನಮ್ಮ ಹಳೆಯ ಕಟ್ಟಡದ ಜಗಲಿಯನ್ನೂ ಹನ್ನೆರಡು ಮಂದಿ ಬಾಲಿಕೆಯರನ್ನೂ ಒಂದು ದಿನದ ಮಟ್ಟಿಗೆ ಕೇಳಿದರು. ತಾವು ಬಡ ತಂಡದವರೆಂದೂ ಲಾಭಕ್ಕಾಗಿ ದುಡಿಯುವವರಲ್ಲವೆಂದೂ ವಿನಯದಿಂದಲೇ ತಿಳಿಸಿದರು. ನಾವು ಸಂತೋಷದಿಂದ ಒಪ್ಪಿದೆವು. ಬೆಳಿಗ್ಗೆ ಎಂಟು ಗಂಟೆಗೆ ಅಲಂಕರಿಸಿ ಕುಳ್ಳಿರಿಸಿದ ಮಕ್ಕಳ ಸರದಿಯು ಮಧ್ಯಾಹ್ನ ಕಳೆದರೂ ಬರಲಿಲ್ಲ. ಯಾವ ದೃಶ್ಯವನ್ನು ಮೊದಲು ತೆಗೆಯಬೇಕೆಂಬ ಚರ್ಚೆಯು ಆಗ ಜಗಲಿಯ ಮೇಲೆಯೇ ನಡೆಯುತ್ತಿತ್ತು. ಮಕ್ಕಳಿಗೆ ಊಟ ತರತಕ್ಕವರು ಯಾರೆಂಬುದು ಅವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಮೂರು ಗಂಟೆಯ ಸುಮಾರಿಗೆ ಆರನೆಯ ತರಗತಿಯ ಬಾಲಿಕೆಯೊಬ್ಬಳು ಬಿಸಿಲಿಗೂ ಹಸಿವಿಗೂ ತಲೆ ತಿರುಗಿ ಬಿದ್ದಳು. ಬೋರ್ಡಿಂಗಿನ ಅಡಿಗೆಯವಳು ತನ್ನ ಪಾಲಿನ ಗಂಜಿಯನ್ನು ತಂದು ಆಕೆಗೆ ಕುಡಿಸಿದಳು.

ತಪ್ಪು ಆ ತಂಡದವರದು ಮಾತ್ರವೆಂದು ನಾವು ಹೇಳಲಾರೆವು. ಎಷ್ಟು ಹೊತ್ತು, ಎಂಥ ಕೆಲಸ, ಯಾರ ಮೇಲ್ವಿಚಾರಣೆ ಎಂದು ನಾವು ಒಂದು ಪ್ರಶ್ನೆಯನ್ನಾದರೂ ಕೇಳಿರಲಿಲ್ಲ. ಅಂದು ಸಂಜೆ ಆ ಮಗುವಿನ ತಾಯಿಯ ಎದುರಿನಲ್ಲಿ ನಿಂತಾಗ ನಮ್ಮಲ್ಲಿ ಮಾತಿರಲಿಲ್ಲ. ಇನ್ನು ಮುಂದೆ ಕೆಮರಾ ಹಿಡಿದು ಬಂದವರಿಗೆ ಈ ಬಾಗಿಲನ್ನು ತೆರೆಯಕೂಡದೆಂದು ಆ ರಾತ್ರಿ ನಿಶ್ಚಯಿಸಿಕೊಂಡೆವು.

ಆದುದರಿಂದಲೇ ಕಳೆದ ವರ್ಷ ಈ ಐವರು ಬಂದು ಕೇಳಿದಾಗ ನಮ್ಮ ಉತ್ತರವು ಸಿದ್ಧವಾಗಿಯೇ ಇತ್ತು. ಐವರಲ್ಲಿ ಒಬ್ಬಳು ಮಾತ್ರ ಕೆಮರಾದ ವಿದ್ಯೆಯನ್ನು ಕಲಿತವಳು. ಉಳಿದವರಲ್ಲಿ ಒಬ್ಬಳು ಬ್ಯಾಂಕಿನ ಉದ್ಯೋಗದಲ್ಲಿರುವವಳು, ಒಬ್ಬಳು ದಾದಿ, ಒಬ್ಬಳು ಉಪಾಧ್ಯಾಯಿನಿ, ಒಬ್ಬಳು ಗೃಹಿಣಿ. ಮೂವತ್ತು ವರ್ಷ ಶಾಲೆಯ ಗಂಟೆ ಹೊಡೆದ ಆಯಾ ಒಬ್ಬಳು ನಿವೃತ್ತಿ ಹೊಂದುವ ದಿನದ ಕಥೆಯನ್ನು ಅವರು ಬರೆದುಕೊಂಡಿದ್ದರು. ಕೈಯಲ್ಲಿದ್ದ ಹಣ ೮೦,೦೦೦ ರೂಪಾಯಿ. ನಾವು ಆಗದೆಂದೆವು, ಕಾರಣವನ್ನೂ ಹೇಳಿದೆವು. ಅವರಲ್ಲಿ ಗೃಹಿಣಿಯಾದವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಕ್ರಿಸ್ಮಸ್ ನಾಟಕಕ್ಕೆ ಆಗಸ್ಟಿನಲ್ಲಿಯೇ ಪಟ್ಟಿ ಬರೆಯಿಸುತ್ತಿದ್ದವರು ನೀವೇ ಅಲ್ಲವೇ? ನಾವೂ ಪಟ್ಟಿ ಬರೆದು ತಂದರೆ ಓದುವಿರಾ?” ಎಂದು ಕೇಳಿದಳು. ಓದುತ್ತೇವೆಂದು ಹೇಳದೆ ಗತಿಯಿರಲಿಲ್ಲ. ಮೂರು ತಿಂಗಳ ತರುವಾಯ ಅವರು ಒಂದು ಪುಸ್ತಕವನ್ನು ಹೊತ್ತು ತಂದರು. ಆ ಪುಸ್ತಕವೇ ನಮ್ಮ ಮನಸ್ಸನ್ನು ತಿರುಗಿಸಿತು.

ಇಂದು ಚಿತ್ರವೆತ್ತುವ ಯಂತ್ರವು ಸುಲಭವಾಗಿದೆ. ಒಂದು ಕಾಲದಲ್ಲಿ ಫಿಲ್ಮಿನ ಸುರುಳಿಯೇ ಬಡವನ ಆಸೆಯನ್ನು ಕತ್ತರಿಸುತ್ತಿತ್ತು. ಈಗ ಒಳ್ಳೆಯದೊಂದು ಮೊಬೈಲ್ ಫೋನಿನಲ್ಲಿಯೂ ತೆರೆಗೆ ತಕ್ಕ ಚಿತ್ರವನ್ನು ತೆಗೆಯಬಹುದು. ಹೀಗಿರುವುದರಿಂದ ಸಿದ್ಧತೆಯ ಅಗತ್ಯವೂ ಕಡಿಮೆಯಾಯಿತೆಂದು ಅನೇಕರು ತಿಳಿಯುತ್ತಾರೆ. ನಮ್ಮ ಅಭಿಪ್ರಾಯವು ಇದಕ್ಕೆ ವಿರುದ್ಧವಾದುದು. ಯಂತ್ರವು ಅಗ್ಗವಾದರೂ ಮನುಷ್ಯರ ಹೊತ್ತು, ಊಟ, ಪ್ರಯಾಣ, ವಿಶ್ರಾಂತಿ ಇವು ಅಗ್ಗವಾಗಿಲ್ಲ. ದೊಡ್ಡ ಬಂಡವಾಳದವರು ಮರೆತ ವಸ್ತುವನ್ನು ಹಣ ಕೊಟ್ಟು ಆ ಕ್ಷಣವೇ ತರಿಸಿಕೊಂಡಾರು. ಹಣವಿಲ್ಲದವರು ಮರೆತರೆ ಆ ಮರೆವಿನ ಬೆಲೆಯನ್ನು ಯಾರೋ ಕೈಲಾಗದವರು ತೆರಬೇಕಾಗುತ್ತದೆ. ನಮ್ಮ ಜಗಲಿಯ ಮೇಲೆ ಅದನ್ನು ತೆತ್ತವಳು ಹನ್ನೊಂದು ವರ್ಷದ ಬಾಲಿಕೆ.

ಆ ಪುಸ್ತಕದಲ್ಲಿ ಏನಿತ್ತೆಂಬುದನ್ನು ಸ್ವಲ್ಪ ವಿವರಿಸುತ್ತೇವೆ. ಇಂಥ ಕೆಲಸಕ್ಕೆ ಕೈಹಾಕುವ ನಮ್ಮ ಇತರ ವಿದ್ಯಾರ್ಥಿನಿಯರಿಗೆ ಅದು ಪ್ರಯೋಜನವಾದೀತು. ಚಿತ್ರಕಥೆಯ ಒಂದು ಪುಟವು ತೆರೆಯ ಮೇಲೆ ಸುಮಾರು ಒಂದು ನಿಮಿಷವಾಗುವುದೆಂಬುದು ಈ ಕಸುಬಿನವರ ವಾಡಿಕೆಯ ಲೆಕ್ಕ. ಇವರದು ೨೪ ಪುಟಗಳ ಕಥೆ. ದಿನಕ್ಕೆ ನಾಲ್ಕು ಪುಟಗಳಂತೆ ಆರು ದಿನಗಳ ಕೆಲಸವೆಂದು ಎಣಿಸಿದ್ದರು. ಪ್ರತಿಯೊಂದು ದೃಶ್ಯಕ್ಕೂ ಸಂಖ್ಯೆಯನ್ನು ಕೊಟ್ಟು, ಅದರಲ್ಲಿ ಕಾಣಿಸಿಕೊಳ್ಳುವವರು ಯಾರು, ಉಡುವುದೇನು, ಕೈಯಲ್ಲಿ ಹಿಡಿಯುವುದೇನು, ಹೊತ್ತು ಯಾವುದು, ಸ್ಥಳ ಯಾವುದು ಎಂದು ಬೇರೆ ಬೇರೆ ಅಂಕಣಗಳಲ್ಲಿ ಬರೆದಿದ್ದರು. ಆಮೇಲೆ ಕಥೆಯ ಕ್ರಮವನ್ನು ಬಿಟ್ಟು ಸ್ಥಳದ ಕ್ರಮದಿಂದ ದೃಶ್ಯಗಳನ್ನು ಜೋಡಿಸಿದ್ದರು. ಜಗಲಿಯ ದೃಶ್ಯಗಳು ಕಥೆಯ ಆದಿಯಲ್ಲಿರಲಿ ಅಂತ್ಯದಲ್ಲಿರಲಿ, ಒಂದೇ ದಿನ ಮುಗಿಯಬೇಕು. ಇದರಿಂದ ದೀಪಗಳನ್ನೂ ಮನುಷ್ಯರನ್ನೂ ಅಲ್ಲಿಂದಿಲ್ಲಿಗೆ ಎಳೆದಾಡುವ ಶ್ರಮ ತಪ್ಪುತ್ತದೆ. ಮಳೆ ಬಂದರೆ ಒಳಗೆ ತೆಗೆಯತಕ್ಕ ದೃಶ್ಯಗಳ ಪಟ್ಟಿಯೊಂದು ಬೇರೆಯಾಗಿಯೇ ಇತ್ತು.

ಅವರು ಕೆಮರಾವಿಲ್ಲದೆ ನಾಲ್ಕು ದಿನ ಇಲ್ಲಿಗೆ ಬಂದು ಸುಮ್ಮನೆ ಕುಳಿತಿದ್ದುದನ್ನು ನಾವು ನೋಡಿದೆವು. ಬಿಸಿಲು ಯಾವ ಗಂಟೆಗೆ ಜಗಲಿಯ ಯಾವ ಕಂಬದವರೆಗೆ ಬರುವುದೆಂದು ಒಬ್ಬಳು ಬರೆದುಕೊಂಡಳು. ಮತ್ತೊಬ್ಬಳು ಕಣ್ಣು ಮುಚ್ಚಿ ಕುಳಿತು, ರಸ್ತೆಯ ಬಸ್ಸಿನ ಸದ್ದು, ನೆರೆಯ ಗಿರಣಿಯ ಸದ್ದು, ಮರದ ಕಾಗೆಗಳ ಸದ್ದು ಇವು ಯಾವಾಗ ಅಧಿಕ, ಯಾವಾಗ ಕಡಿಮೆ ಎಂದು ಗುರುತು ಮಾಡಿಕೊಂಡಳು. ಚಿತ್ರವು ಕೊಂಚ ಮಂಕಾದರೆ ನೋಡುವವರು ಸೈರಿಸಿಯಾರು, ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ ಎಂದು ಅವಳು ನಮಗೆ ತಿಳಿಸಿದಳು. ನಾಟಕದ ಕಾಲದಲ್ಲಿ ಹಿಂದಿನ ಬೆಂಚಿನವರಿಗೆ ಕೇಳಿಸುವಂತೆ ಮಾತಾಡಿರೆಂದು ಗದರಿಸುತ್ತಿದ್ದ ನಮಗೆ ಈ ಮಾತು ಬಹಳ ಹಿಡಿಸಿತು. ದಿನದ ಕೊನೆಗೆ ತೆಗೆದ ಚಿತ್ರಗಳ ಎರಡು ಪ್ರತಿಗಳನ್ನು ಮಾಡಿ ಇಬ್ಬರ ಮನೆಗಳಲ್ಲಿ ಇರಿಸತಕ್ಕದ್ದು, ಮೂರನೆಯವಳು ಅವನ್ನು ತೆರೆದು ನೋಡುವ ತನಕ ಕೆಮರಾದ ಕಾರ್ಡನ್ನು ಅಳಿಸಕೂಡದು ಎಂಬ ನಿಯಮವೂ ಪುಸ್ತಕದಲ್ಲಿತ್ತು.

ಕಥೆಯಲ್ಲಿ ಮೂವರು ಬಾಲಿಕೆಯರಿದ್ದರು. ಮೂವರೂ ೧೪ ವರ್ಷಕ್ಕೆ ಒಳಗಿನವರು. ಬಾಲಕಾರ್ಮಿಕರ ಕಾಯಿದೆಗೆ ೨೦೧೬ರಲ್ಲಿ ಮಾಡಿದ ತಿದ್ದುಪಡಿಯನ್ನೂ ೨೦೧೭ರ ನಿಯಮಗಳನ್ನೂ ಆ ಬ್ಯಾಂಕಿನ ಹುಡುಗಿಯು ಓದಿಕೊಂಡು ಬಂದಿದ್ದಳು. ಚಿತ್ರದಲ್ಲಿ ಅಭಿನಯಿಸುವ ಮಗುವನ್ನು ದಿನಕ್ಕೆ ಐದು ಗಂಟೆಗಳಿಗಿಂತ ಹೆಚ್ಚು ದುಡಿಸಕೂಡದು. ವಿಶ್ರಾಂತಿಯಿಲ್ಲದೆ ಮೂರು ಗಂಟೆ ಮೀರಕೂಡದು. ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ಐದು ಮಕ್ಕಳಿಗೊಬ್ಬರಂತೆ ಹೊಣೆಗಾರರಿರಬೇಕು. ಮಗುವಿನ ಓದು ನಿಲ್ಲಬಾರದು. ಸಂಪಾದನೆಯಲ್ಲಿ ನೂರಕ್ಕೆ ಇಪ್ಪತ್ತು ಪಾಲಾದರೂ ಮಗುವಿನ ಹೆಸರಿನಲ್ಲಿ ಬ್ಯಾಂಕಿನ ನಿಶ್ಚಿತ ಠೇವಣಿಯಾಗಬೇಕು. ನಮ್ಮನ್ನು ಆಕ್ಷೇಪಿಸಿದ ತಾಯ್ತಂದೆಗಳು ಇದನ್ನು ದಯವಿಟ್ಟು ಗಮನಿಸಬೇಕು. ಹಿಂದೆ ನಾವು ಕೇಳದೆ ಬಿಟ್ಟ ಪ್ರಶ್ನೆಗಳಿಗೆಲ್ಲ ಕಾಯಿದೆಯಲ್ಲಿಯೇ ಉತ್ತರವಿದೆ. ಕೇಳುವ ಅಧಿಕಾರವು ತಮಗೂ ಉಂಟು, ನಮಗೂ ಉಂಟು.

ಇಷ್ಟೆಲ್ಲ ಓದಿದ ಮೇಲೆ ಖರ್ಚಿನ ಪುಟಕ್ಕೆ ಬಂದೆವು. ಊಟ ತಿಂಡಿಗೆ ೨೦,೦೦೦ ರೂಪಾಯಿ, ಪ್ರಯಾಣಕ್ಕೆ ೮,೦೦೦, ಕೆಮರಾದ ಮಸೂರಗಳ ಬಾಡಿಗೆ ೧೪,೦೦೦, ಧ್ವನಿಯ ಸಲಕರಣೆಗೆ ೧೦,೦೦೦, ಪ್ರತಿಗಳನ್ನಿಡುವ ಪೆಟ್ಟಿಗೆಗಳಿಗೆ ೮,೦೦೦, ಉಡುಪಿಗೆ ೪,೦೦೦, ಬಾಲಿಕೆಯರಿಗೆ ೬,೦೦೦, ಆಪತ್ತಿಗೆ ೧೦,೦೦೦. ಲೆಕ್ಕವು ಸರಿಯಾಗಿಯೇ ಇತ್ತು. “ಆ ಆರು ದಿನ ಬೆಳಿಗ್ಗೆ ಐದಕ್ಕೆ ಬಂದು ಜಗಲಿ ಗುಡಿಸಿ, ನಿಮ್ಮ ಎಂಜಲೆಲೆ ತೆಗೆದು, ರಾತ್ರಿ ನೀವು ಹೋಗುವ ತನಕ ಕಾದಿರತಕ್ಕವಳು ನಮ್ಮ ಆಯಾ. ಆಕೆಯ ಕೂಲಿ ಯಾವ ಸಾಲಿನಲ್ಲಿದೆ?” ಎಂದು ಕೇಳಿದೆವು. ಐವರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಆಯಾಳ ಕಥೆಯನ್ನು ಹೇಳಹೊರಟವರ ಪುಸ್ತಕದಲ್ಲಿ ಆಯಾಳಿಗೆ ಸ್ಥಳವಿರಲಿಲ್ಲ. ಅಡಿಗೆಯವಳಿಗೂ ಕಾವಲುಗಾರನಿಗೂ ಇರಲಿಲ್ಲ. ಅವರನ್ನು ಹೀಯಾಳಿಸುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ನಮ್ಮ ವಾರ್ಷಿಕೋತ್ಸವದ ಹಳೆಯ ಲೆಕ್ಕದ ಪುಸ್ತಕಗಳನ್ನು ತೆಗೆದು ನೋಡಿದರೆ ಅವುಗಳಲ್ಲಿಯೂ ಆ ಸಾಲು ಇಲ್ಲ. ಆ ಹುಡುಗಿಯರು ಮರುದಿನ ಬಂದು ಮಸೂರದ ಬಾಡಿಗೆಯನ್ನು ೮,೦೦೦ಕ್ಕೆ ಇಳಿಸಿ, ಉಳಿದ ೬,೦೦೦ವನ್ನು ಆ ಮೂವರಿಗೆ ತಲಾ ೨,೦೦೦ದಂತೆ ಬರೆದರು. ಕೆಮರಾದವಳಿಗೆ ವ್ಯಸನವಾಗಲಿಲ್ಲವೆಂದಲ್ಲ; ಆ ಮಸೂರಕ್ಕಾಗಿ ಅವಳು ಬಹಳ ಆಸೆಪಟ್ಟಿದ್ದಳು. ನಾವು ಬಾಗಿಲನ್ನು ತೆರೆದುದು ಅಂದು.

ಇಷ್ಟು ಕಟ್ಟುನಿಟ್ಟಾದರೆ ಕಲೆಯು ಉಸಿರಾಡುವುದೆಂತು ಎಂದು ಕೇಳುವವರುಂಟು. ಅವರು ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ಯನ್ನು ಉದಾಹರಿಸುತ್ತಾರೆ. ಜಾಹೀರಾತಿನ ಕಚೇರಿಯಲ್ಲಿ ಚಿತ್ರಕಾರರಾಗಿದ್ದ ರಾಯ್ ಅವರು ೧೯೫೨ರಲ್ಲಿ ಆ ಚಿತ್ರವನ್ನು ಆರಂಭಿಸಿದಾಗ ಅವರಿಗೆ ಚಲಚ್ಚಿತ್ರ ನಿರ್ದೇಶಿಸಿದ ಅನುಭವವಿರಲಿಲ್ಲ. ಛಾಯಾಗ್ರಾಹಕರಾದ ಸುಬ್ರತ ಮಿತ್ರರಿಗೆ ಇನ್ನೂ ಎಳೆಯ ವಯಸ್ಸು. ಅವರು ಚಲಚ್ಚಿತ್ರದ ಕೆಮರಾವನ್ನು ಅದುವರೆಗೆ ನಡೆಯಿಸಿದವರಲ್ಲ. ಕಾಶಹುಲ್ಲು ಬೆಳ್ಳಗೆ ಹೂಬಿಟ್ಟ ಬಯಲಿನಲ್ಲಿ ಮೊದಲನೆಯ ದಿನದ ಕೆಲಸವನ್ನು ಮುಗಿಸಿ, ಮುಂದಿನ ವಾರ ಮರಳಿ ಹೋಗುವಷ್ಟರಲ್ಲಿ ದನಗಳು ಆ ಹೂಗಳನ್ನೆಲ್ಲ ಮೇದುಬಿಟ್ಟಿದ್ದುವು. ಆ ದೃಶ್ಯವು ಪೂರ್ತಿಯಾಗಲು ಮತ್ತೊಂದು ಹೂಬಿಡುವ ಕಾಲದವರೆಗೆ ಕಾಯಬೇಕಾಯಿತು. ನಡುನಡುವೆ ಹಣ ಮುಗಿದು ಕೆಲಸ ನಿಂತಿತು. ಪತ್ನಿಯ ಒಡವೆಗಳು ಅಡವಿಗೆ ಹೋದುವು. ಕಟ್ಟಕಡೆಗೆ ಪಶ್ಚಿಮ ಬಂಗಾಳದ ಸರಕಾರವು ನೆರವಾದುದರಿಂದ ೧೯೫೫ರಲ್ಲಿ ಚಿತ್ರವು ತೆರೆಗೆ ಬಂದಿತು. ಅಷ್ಟು ಕಾಲದಲ್ಲಿ ಬಾಲಕನ ಧ್ವನಿಯು ಒಡೆಯದೆ, ಬಾಲಿಕೆಯು ಬೆಳೆದುಬಿಡದೆ, ವೃದ್ಧೆಯು ಕಾಲವಾಗದೆ ಇದ್ದುದು ಪವಾಡವೇ ಎಂದು ರಾಯ್ ಅವರೇ ಎಣಿಸಿದ್ದರು.

ಆದರೆ ಆ ಚಿತ್ರವು ಸಿದ್ಧತೆಯಿಲ್ಲದೆ ಆಯಿತೆಂದು ತಿಳಿಯುವುದು ತಪ್ಪು. ದೃಶ್ಯಗಳನ್ನೆಲ್ಲ ಒಂದೊಂದಾಗಿ ಪುಸ್ತಕದಲ್ಲಿ ಮಸಿಯಿಂದ ಚಿತ್ರಿಸಿಕೊಂಡು, ಅದನ್ನೇ ನಿರ್ಮಾಪಕರಿಗೆ ತೋರಿಸುತ್ತ ಅವರು ಅಲೆದವರು. ಹಣದ ಕಡೆಯಿಂದ ಮಾತ್ರ ಅವರಿಗೆ ಭರವಸೆಯಿರಲಿಲ್ಲ. ಆ ಕೊರತೆಯ ಭಾರವನ್ನು ತಮ್ಮ ಮೇಲೆಯೂ ಮನೆಯವರ ಮೇಲೆಯೂ ಹೊತ್ತುಕೊಂಡರು. ಮಹಾಪುರುಷರ ಕಷ್ಟವನ್ನು ಗೌರವಿಸೋಣ. ಆ ಕಷ್ಟವನ್ನೇ ಪದ್ಧತಿಯನ್ನಾಗಿ ಮಾಡಿಕೊಂಡು, ನಮ್ಮ ಹುಡುಗಿಯರು ತಾಯಿಯ ಬಳೆಗಳನ್ನು ಅಡವಿಟ್ಟು ಹೊರಡಬೇಕೆಂದು ನಾವು ಹೇಳಲಾರೆವು.

ನಮ್ಮ ಕನ್ನಡದಲ್ಲಿಯೂ ದೃಷ್ಟಾಂತವುಂಟು. ಪಟ್ಟಾಭಿರಾಮ ರೆಡ್ಡಿಯವರು ತೆಗೆದ ‘ಸಂಸ್ಕಾರ’ವು ೧೯೭೦ರ ರಾಷ್ಟ್ರಪ್ರಶಸ್ತಿಗಳಲ್ಲಿ ಅತ್ಯುತ್ತಮ ಚಿತ್ರವೆಂಬ ಗೌರವವನ್ನು ಪಡೆಯಿತು, ಆ ಗೌರವವು ಕನ್ನಡಕ್ಕೆ ಬಂದುದು ಅದೇ ಮೊದಲು. ಶೃಂಗೇರಿಯ ಸಮೀಪದ ವೈಕುಂಠಪುರವೆಂಬ ಹಳ್ಳಿಯಲ್ಲಿ ಅದನ್ನು ತೆಗೆದರು. ಗಿರೀಶ್ ಕಾರ್ನಾಡ್, ಸ್ನೇಹಲತಾ ರೆಡ್ಡಿ ಮೊದಲಾದ ಮುಖ್ಯ ಪಾತ್ರಧಾರಿಗಳು ಹವ್ಯಾಸಿ ರಂಗಭೂಮಿಯಿಂದ ಬಂದವರು. ಒಂದು ಅಗ್ರಹಾರ, ಅದರ ಕೆಲವು ಬೀದಿಮನೆಗಳು, ಒಂದು ಹೊಳೆ, ಇಷ್ಟರಲ್ಲಿ ಬಹುಭಾಗ ನಡೆಯುವ ಕಥೆಯು ಬಡ ತಂಡಕ್ಕೆ ಎಷ್ಟು ಅನುಕೂಲವೆಂಬುದನ್ನು ನೋಡಿರಿ. ಕೈಯಲ್ಲಿರುವ ಸ್ಥಳ ಯಾವುದು, ಜನ ಯಾರು ಎಂದು ಮೊದಲೇ ವಿಚಾರಿಸಿ ಕಥೆಯನ್ನು ಆರಿಸಿಕೊಳ್ಳುವುದೇ ಸಿದ್ಧತೆಯ ಮೊದಲನೆಯ ಮೆಟ್ಟಲು.

ಹೆಣ್ಣುಮಕ್ಕಳಿಗೆ ಇದಕ್ಕಿಂತಲೂ ಹತ್ತಿರವಾದ ಉದಾಹರಣೆಯು ಅಸ್ಸಾಮಿನ ರಿಮಾ ದಾಸ್ ಅವರದು. ಚಲಚ್ಚಿತ್ರದ ಶಾಲೆಯಲ್ಲಿ ಕಲಿಯದ ಈಕೆಯು ಛಾಯಗಾಂವ್ ಪ್ರದೇಶದ ತನ್ನ ಸ್ವಂತ ಹಳ್ಳಿಗೆ ಮರಳಿ, ಅಲ್ಲಿಯ ಮಕ್ಕಳನ್ನೇ ಕೂಡಿಸಿಕೊಂಡು, ‘ವಿಲೇಜ್ ರಾಕ್‌ಸ್ಟಾರ್ಸ್’ ಎಂಬ ಚಿತ್ರವನ್ನು ತೆಗೆದರು. ಗಿಟಾರಿಗಾಗಿ ಆಸೆಪಡುವ ಬಡ ಬಾಲಿಕೆಯ ಕಥೆಯದು. ಕಥೆ ಬರೆದವರು, ನಿರ್ದೇಶಿಸಿದವರು, ಕೆಮರಾ ಹಿಡಿದವರು, ಸಂಕಲನ ಮಾಡಿದವರು ಎಲ್ಲವೂ ಆಕೆಯೇ. ಧ್ವನಿಯನ್ನು ಹಿಡಿದವರು ಆಕೆಯ ಸೋದರ ಸಂಬಂಧಿ ಮಲ್ಲಿಕಾ ದಾಸ್. ೨೦೧೭ನೆಯ ಸಾಲಿನ ರಾಷ್ಟ್ರಪ್ರಶಸ್ತಿಗಳಲ್ಲಿ ಅದಕ್ಕೆ ಅತ್ಯುತ್ತಮ ಚಿತ್ರದ ಗೌರವವು ದೊರೆಯಿತು. ಸಂಕಲನಕ್ಕಾಗಿ ರಿಮಾ ಅವರಿಗೂ, ಸ್ಥಳದ ಧ್ವನಿಗ್ರಹಣಕ್ಕಾಗಿ ಮಲ್ಲಿಕಾ ಅವರಿಗೂ, ಅಭಿನಯಕ್ಕಾಗಿ ಬಾಲಿಕೆ ಭನಿತಾ ದಾಸಳಿಗೂ ಬೇರೆ ಬೇರೆ ಪ್ರಶಸ್ತಿಗಳು ಬಂದುವು. ಆಸ್ಕರ್ ಸ್ಪರ್ಧೆಗೆ ೨೦೧೮ರಲ್ಲಿ ಭಾರತದಿಂದ ಕಳುಹಿಸಿದ ಚಿತ್ರವೂ ಅದೇ.

ಈ ದೃಷ್ಟಾಂತದಿಂದ ಕಲಿಯತಕ್ಕ ಪಾಠವೊಂದಿದೆ. ತಂಡವು ಒಬ್ಬಿಬ್ಬರದಾದರೆ ಕಾಲವು ಸಮೃದ್ಧಿಯಾಗಿರುತ್ತದೆ. ಸುಗ್ಗಿಗೂ ಮಳೆಗೂ ನೆರೆಗೂ ಕಾಯಬಹುದು. ಕಾಯುವುದರಿಂದ ಮತ್ತೊಬ್ಬರಿಗೆ ನಷ್ಟವಿಲ್ಲ. ಹತ್ತು ಮಂದಿಯನ್ನು ಅವರವರ ಉದ್ಯೋಗದಿಂದ ಬಿಡಿಸಿ ಕರೆತಂದರೆ ಕಾಲವು ಅವರದು, ನಿಮ್ಮದಲ್ಲ. ಆಗ ಆರು ದಿನಗಳೆಂದರೆ ಆರೇ ದಿನಗಳು. ಇವೆರಡರಲ್ಲಿ ತಮ್ಮದು ಯಾವ ಮಾರ್ಗವೆಂದು ನಿಶ್ಚಯಿಸದೆ ಹೊರಟವರೇ ಮಕ್ಕಳನ್ನು ಜಗಲಿಯ ಮೇಲೆ ಹಸಿದು ಕುಳ್ಳಿರಿಸುತ್ತಾರೆ.

ಇನ್ನು ನಮ್ಮ ಐವರ ಚಿತ್ರವು ಏನಾಯಿತೆಂದು ಕೇಳುವಿರಿ. ಮೂರನೆಯ ದಿನ ಮಳೆ ಬಂದಿತು. ಪಟ್ಟಿಯನ್ನು ತೆಗೆದು ಒಳಗಿನ ದೃಶ್ಯಗಳನ್ನು ಮುಗಿಸಿದರು. ಜನಪ್ರಿಯವಾದ ಸಿನೆಮಾ ಹಾಡೊಂದನ್ನು ಬಳಸಬೇಕೆಂದಿದ್ದವರು, ೧೯೫೭ರ ಕೃತಿಸ್ವಾಮ್ಯದ ಕಾಯಿದೆಯಂತೆ ಹಕ್ಕುದಾರರ ಒಪ್ಪಿಗೆ ಬೇಕೆಂದು ತಿಳಿದು ಅದನ್ನು ಬಿಟ್ಟರು. ನಮ್ಮ ಸಂಗೀತದ ಉಪಾಧ್ಯಾಯಿನಿಯು ಹೊಸದೊಂದು ರಾಗವನ್ನು ಕಟ್ಟಿಕೊಟ್ಟರು. ಐದನೆಯ ದಿನ ಒಂದು ತಪ್ಪಾಯಿತು. ಒಂದು ದೃಶ್ಯದಲ್ಲಿ ಎರಡು ಜಡೆಯಿದ್ದ ಬಾಲಿಕೆಗೆ ಅದರ ಮುಂದಿನ ದೃಶ್ಯದಲ್ಲಿ ಒಂದೇ ಜಡೆಯಿರುವುದನ್ನು ಪುಸ್ತಕವಾಗಲಿ ಪುಸ್ತಕ ಬರೆದವರಾಗಲಿ ಗಮನಿಸಲಿಲ್ಲ. ಅದು ಚಿತ್ರದಲ್ಲಿ ಹಾಗೆಯೇ ಉಳಿದಿದೆ. ಬಾಲಿಕೆಯರು ದಿನಕ್ಕೆ ನಾಲ್ಕು ಗಂಟೆಗಳಿಗಿಂತ ಹೆಚ್ಚು ದುಡಿಯಲಿಲ್ಲ. ಆರು ದಿನವೂ ಮಧ್ಯಾಹ್ನದ ಊಟವು ಒಂದು ಗಂಟೆಗೆ ಬಂದಿತು. ಆಯಾಳಿಗೆ ಮೊದಲು ಬಡಿಸಿದರು. ಮುಗಿದ ಚಿತ್ರವು ೨೩ ನಿಮಿಷಗಳದು. ಹಳೆಯ ವಿದ್ಯಾರ್ಥಿನಿಯರ ದಿನ ನಮ್ಮ ಸಭಾಂಗಣದಲ್ಲಿ ಅದನ್ನು ತೋರಿಸಿದಾಗ, ಗಂಟೆಯ ಹಗ್ಗವನ್ನು ಬಿಟ್ಟು ಹೊರಡುವ ಕೊನೆಯ ದೃಶ್ಯದಲ್ಲಿ, ನಮ್ಮ ಆಯಾ ಎದ್ದು ಹೊರಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಮರಳಿ ಬಂದು, “ಹಗ್ಗ ಹಾಗೆ ಹಿಡಿಯುವುದಲ್ಲ ಅಮ್ಮ, ನನ್ನನ್ನು ಕೇಳಿದ್ದರೆ ತೋರಿಸಿಕೊಡುತ್ತಿದ್ದೆ” ಎಂದಳು. ಅವಳನ್ನು ಕೇಳಬೇಕೆಂದು ನಮಗಾಗಲಿ ಅವರಿಗಾಗಲಿ ತೋಚಿರಲಿಲ್ಲ. ಮುಂದಿನ ಪುಸ್ತಕದಲ್ಲಿ ಅದಕ್ಕೂ ಒಂದು ಅಂಕಣವಿರಲಿ.

ತಾಯ್ತಂದೆಗಳಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ. ಮಗಳು ಚಲಚ್ಚಿತ್ರವನ್ನು ತೆಗೆಯುತ್ತೇನೆಂದು ಹೇಳಿದರೆ ಬೇಡವೆಂದು ಗದರಿಸದಿರಿ. ಹಾಗೆಯೇ ಆಗಲೆಂದು ಆ ಕ್ಷಣವೇ ಒಪ್ಪಲೂ ಬೇಡಿ. ಪುಸ್ತಕವನ್ನು ತೋರಿಸೆಂದು ಕೇಳಿರಿ. ಅದರಲ್ಲಿ ಊಟದ ಸಾಲನ್ನೂ, ಮನೆಗೆ ಮರಳುವ ಗಂಟೆಯನ್ನೂ, ನೆಲ ಗುಡಿಸುವವರ ಕೂಲಿಯನ್ನೂ ಹುಡುಕಿರಿ. ಹಳೆಯ ವಿದ್ಯಾರ್ಥಿನಿಯರಲ್ಲಿ ಮತ್ತೊಂದು ಬಿನ್ನಹ. ನಿಮ್ಮಲ್ಲಿ ಲೆಕ್ಕ ಬಲ್ಲವರಿದ್ದೀರಿ, ಕಾಯಿದೆ ಬಲ್ಲವರಿದ್ದೀರಿ, ಹೊಲಿಗೆ ಬಲ್ಲವರೂ ವಿದ್ಯುತ್ತಿನ ಕೆಲಸ ಬಲ್ಲವರೂ ಇದ್ದೀರಿ. ಹಣಕ್ಕಿಂತಲೂ ಇಂಥವರ ಎರಡು ದಿನಗಳ ನೆರವು ಕಿರಿಯ ತಂಡಗಳಿಗೆ ಹೆಚ್ಚಿನದು. ಆ ಐವರು ತಮ್ಮ ಪುಸ್ತಕದ ಒಂದು ಪ್ರತಿಯನ್ನು ನಮ್ಮ ಗ್ರಂಥಾಲಯಕ್ಕೆ ಕೊಟ್ಟಿದ್ದಾರೆ. ಅದರ ಖರ್ಚಿನ ಪುಟದಲ್ಲಿ ೧೪,೦೦೦ವನ್ನು ಹೊಡೆದು ೮,೦೦೦ವೆಂದು ತಿದ್ದಿದ ಗುರುತು ಹಾಗೆಯೇ ಇದೆ. ಅದನ್ನು ಅಳಿಸಿ ಶುದ್ಧಪ್ರತಿಯನ್ನು ಮಾಡಿಕೊಡುತ್ತೇವೆಂದು ಅವರು ಕೇಳಿದ್ದರು. ಹಾಗೆಯೇ ಇರಲೆಂದು ನಾವು ಹೇಳಿದೆವು.